ಮಾನವಶಾಸ್ತ್ರ ಓದಲು ಯಾವ ವಿಶ್ವವಿದ್ಯಾಲಯಕ್ಕೆ ಹೋಗಬೇಕು?

ಕೊಡಗಿನ ಗೋಣಿಕೊಪ್ಪಲಿನ ಪದವಿ ಕಾಲೇಜೊಂದರಲ್ಲಿ ನಾನು ಸಮಾಜಶಾಸ್ತ್ರ ಕಲಿಸುತ್ತೇನೆ. ನಮ್ಮಲ್ಲಿ ಮಾನವಶಾಸ್ತ್ರ (ಆಂತ್ರಪಾಲಜಿ) ಇಲ್ಲ. ಆದರೂ ಅದರ ರುಚಿ ಹತ್ತಿದ ವಿದ್ಯಾರ್ಥಿಗಳು ವರ್ಷ ವರ್ಷವೂ ಬಂದು, ‘ಮೇಡಂ, ಎಲ್ಲಿಗೆ ವರ್ಗಾವಣೆ ಮಾಡಿಸಿಕೊಳ್ಳಲಿ?’ ಎಂದು ಕೇಳುತ್ತಾರೆ. ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಕೊಡವರ ಬಗ್ಗೆ ಬರೆದ ಪುಸ್ತಕ 1952ರಲ್ಲಿ ಬಂದಾಗಿನಿಂದ ಈ ವಿಷಯದ ತರಗತಿಗಳಲ್ಲಿ ಕೊಡಗಿನ ಹೆಸರು ಕೇಳಿಬರುತ್ತಲೇ ಇದೆ. ನಮ್ಮ ಮಕ್ಕಳು ಅದನ್ನು ಓದಲು ಹೊರಡುವುದು ನನಗೆ ತುಂಬ ಸಂತೋಷದ ಸಂಗತಿ.

ಮೊದಲು ಇತ್ಯರ್ಥವಾಗಬೇಕಾದದ್ದು, ನಡುವೆ ಬಿಟ್ಟು ಹೋಗುವುದೋ, ಪದವಿ ಮುಗಿಸಿ ಹೋಗುವುದೋ ಎಂಬುದು. ನಮ್ಮ ರಾಜ್ಯದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಎರಡು ವರ್ಷ ಓದಿದವರು ಇನ್ನೊಂದು ವರ್ಷ ಇದ್ದು ಬಿ.ಎ. ಮುಗಿಸಿ, ಎಂ.ಎ.ಗೆ ವಿಷಯ ಬದಲಿಸುವುದೇ ಲೇಸು. ಬೇರೆ ವಿಷಯದ ಪದವೀಧರರನ್ನೂ ಸೇರಿಸಿಕೊಳ್ಳುವ ಮಾನವಶಾಸ್ತ್ರ ವಿಭಾಗಗಳು ಹಲವಿವೆ.

ಮೊದಲ ವರ್ಷದಲ್ಲಿರುವವರು ಕ್ರೆಡಿಟ್ ಲೆಕ್ಕ ನೋಡಬೇಕು. ಗಳಿಸಿದ ಕ್ರೆಡಿಟ್‌ಗಳನ್ನು ಜಮಾ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯಲ್ಲಿ ನಿಮ್ಮ ಕ್ರೆಡಿಟ್‌ಗಳು ಏಳು ವರ್ಷ ಇರುತ್ತವೆ, ನಿಜ. ಆದರೆ ಹೊಸ ವಿಶ್ವವಿದ್ಯಾಲಯ ಅವುಗಳಲ್ಲಿ ಎಷ್ಟನ್ನು ಒಪ್ಪುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಖಾತೆಯಲ್ಲಿ ಕ್ರೆಡಿಟ್ ಇದ್ದ ಮಾತ್ರಕ್ಕೆ ಸೀಟು ಸಿಗುವುದೂ ಇಲ್ಲ. ತಿತಿಮತಿಯ ವಿದ್ಯಾರ್ಥಿನಿಯೊಬ್ಬಳೊಡನೆ ನಮ್ಮ ಪಠ್ಯಕ್ರಮವನ್ನೂ ಅವಳು ಹೋಗಬಯಸಿದ್ದ ಕಡೆಯದನ್ನೂ ಮೇಜಿನ ಮೇಲೆ ಅಕ್ಕಪಕ್ಕ ಹರಡಿಕೊಂಡು ಕುಳಿತಿದ್ದೆ. ಭಾಷೆಯ ಪತ್ರಿಕೆಗಳು ಹೊಂದಿದವು. ಸಮಾಜಶಾಸ್ತ್ರದ ಒಂದು ಪತ್ರಿಕೆಯನ್ನು ಐಚ್ಛಿಕವೆಂದು ಒಪ್ಪಬಹುದಿತ್ತು. ಇತಿಹಾಸಕ್ಕೂ ಅರ್ಥಶಾಸ್ತ್ರಕ್ಕೂ ಅಲ್ಲಿ ಜಾಗವೇ ಇರಲಿಲ್ಲ. ಅಲ್ಲಿಯವರು ಮೊದಲ ಎರಡು ಸೆಮಿಸ್ಟರಿನಲ್ಲೇ ಜೈವಿಕ ಮಾನವಶಾಸ್ತ್ರವನ್ನು ಪ್ರಯೋಗಾಲಯ ಸಮೇತ ಮುಗಿಸುತ್ತಿದ್ದರು: ಮೂಳೆಗಳನ್ನು ಗುರುತಿಸುವುದು, ಕ್ಯಾಲಿಪರ್ ಹಿಡಿದು ತಲೆಬುರುಡೆ ಅಳೆಯುವುದು, ಎಲ್ಲವೂ. ಮೂರನೇ ಸೆಮಿಸ್ಟರಿಗೆ ನೇರವಾಗಿ ಸೇರಿದರೆ ಅದನ್ನೆಲ್ಲ ಹೆಚ್ಚುವರಿಯಾಗಿ ಹೊರಬೇಕು. ಅವಳು ಬಿ.ಎ. ಮುಗಿಸುವ ನಿರ್ಧಾರ ಮಾಡಿದಳು. ನೀವೂ ಹೀಗೆ ಪತ್ರಿಕೆಗೆ ಪತ್ರಿಕೆ ಹೋಲಿಸಿ ನೋಡಿ. ಯಾವ್ಯಾವುದನ್ನು ಒಪ್ಪುತ್ತಾರೆ ಎಂಬ ಉತ್ತರವನ್ನು ವಿಭಾಗದಿಂದ ಬರವಣಿಗೆಯಲ್ಲೇ ಪಡೆಯಿರಿ.

ಇನ್ನು ಊರುಗಳ ಮಾತು. ನಮಗೆ ಸಲೀಸಾದದ್ದು ಮೈಸೂರು. ಮಾನಸಗಂಗೋತ್ರಿಯಲ್ಲಿ ಮಾನವಶಾಸ್ತ್ರ ವಿಭಾಗವಿದೆ, ಬೋಗಾದಿಯಲ್ಲಿ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ. ಭೋಪಾಲದ ಮಾನವ ಸಂಗ್ರಹಾಲಯದ ದಕ್ಷಿಣ ಕೇಂದ್ರವೂ ವೆಲ್ಲಿಂಗ್ಟನ್ ಹೌಸ್‌ನಲ್ಲಿದೆ. ಒಂದೇ ಊರಿನಲ್ಲಿ ಈ ಮೂರೂ ಇರುವುದು ವಿದ್ಯಾರ್ಥಿಗೆ ದೊಡ್ಡ ಅನುಕೂಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ವಿಭಾಗವಿದೆ. ವಿರಾಜಪೇಟೆ ಕಡೆಯವರು ಮರೆಯುವ ಹೆಸರು ಕಣ್ಣೂರು ವಿಶ್ವವಿದ್ಯಾಲಯ. ಅದರ ಮಾನವಶಾಸ್ತ್ರ ವಿಭಾಗ ತಲಶ್ಶೇರಿ ಹತ್ತಿರದ ಪಾಲಯಾಡ್‌ನಲ್ಲಿದೆ. ಮಾಕುಟ್ಟದ ಘಟ್ಟ ಇಳಿದರೆ ದೂರವಿಲ್ಲ, ಜೋರು ಮಳೆಯಲ್ಲಿ ಆ ರಸ್ತೆಯನ್ನು ಮಾತ್ರ ನಂಬಿಕೊಳ್ಳುವಂತಿಲ್ಲ. ಪುದುಚೇರಿ, ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯಗಳ ಎಂ.ಎ.ಗೆ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಅದರ ಅರ್ಜಿಯ ಗಡುವು ನಿಮ್ಮ ಕೊನೆಯ ಸೆಮಿಸ್ಟರ್ ಪರೀಕ್ಷೆಗೂ ಮೊದಲೇ ಮುಗಿದಿರುತ್ತದೆ. ತೋಟ ಬಿಟ್ಟು ಹೊರಡಲಾಗದವರಿಗೆ ದೂರಶಿಕ್ಷಣದ ಇಗ್ನೋ ಇದೆ.

ಕೋಲ್ಕತ್ತದಲ್ಲಿ 1920ರಿಂದಲೂ ಮದ್ರಾಸಿನಲ್ಲಿ 1945ರಿಂದಲೂ ಈ ವಿಭಾಗವಿದೆ. ಹಳೆಯ ಹೆಸರಿಗೆ ಗೌರವ ಇರಲಿ, ಆಯ್ಕೆಗೆ ಅದು ಸಾಲದು. ಸಾಮಾಜಿಕ, ಜೈವಿಕ, ಪುರಾತತ್ವ, ಭಾಷೆ ಎಂಬ ನಾಲ್ಕು ಶಾಖೆಗಳಲ್ಲಿ ಯಾವುದಕ್ಕೆ ಯಾವ ಅಧ್ಯಾಪಕರಿದ್ದಾರೆ ಎಂದು ಹೆಸರು ಹಿಡಿದು ನೋಡಿ. ಎಲ್ಲರೂ ಸಾಮಾಜಿಕ ಮಾನವಶಾಸ್ತ್ರದವರೇ ಆಗಿದ್ದರೆ, ವಿರಾಜಪೇಟೆ ಸುತ್ತಲಿನ ಶಿಲಾಸಮಾಧಿಗಳನ್ನು ಅಧ್ಯಯನ ಮಾಡಬಯಸುವ ಹುಡುಗನಿಗೆ ಅಲ್ಲಿ ಮಾರ್ಗದರ್ಶಕರು ಸಿಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಕ್ಷೇತ್ರಕಾರ್ಯವನ್ನು ವಿಚಾರಿಸಿ. ಎಷ್ಟು ವಾರ ಊರಿನಲ್ಲಿ ಉಳಿಸುತ್ತಾರೆ? ಅಧ್ಯಾಪಕರು ಜೊತೆಗೆ ಇರುತ್ತಾರೆಯೇ? ಖರ್ಚು ಯಾರದು? ಬರೆದ ವರದಿ ಆ ಊರಿನವರ ಕೈಗೆ ಮರಳಿ ತಲುಪುತ್ತದೆಯೇ? ಈ ಕೊನೆಯ ಪ್ರಶ್ನೆಯನ್ನು ಕೊಡಗಿನವರಾದ ನಾವು ಬಿಡದೆ ಕೇಳಬೇಕು. ಜೇನುಕುರುಬರ ಹಾಡಿಗಳಿಗೆ (ಕಾಡಂಚಿನ ವಸತಿಗಳಿಗೆ), ತೋಟದ ಕೆಲಸಗಾರರಾದ ಯರವರ ಲೈನ್‌ಮನೆಗಳಿಗೆ ಪ್ರಶ್ನಾವಳಿ ಹಿಡಿದು ಮಧ್ಯಾಹ್ನ ಬಂದು ಸಂಜೆ ಜೀಪು ಹತ್ತುವವರನ್ನು ನಾವು ಸಾಕಷ್ಟು ಕಂಡಿದ್ದೇವೆ. ಬುಡಕಟ್ಟಿನವರು ವೇಷ ಕಟ್ಟಿ ಕುಣಿಯುವ ದೇವರಪುರದ ಕುಂಡೆ ಹಬ್ಬಕ್ಕೆ ಬಂದು ವೇಷಗಳ ಫೋಟೊ ತೆಗೆದುಕೊಂಡು ಹೋಗುವವರೂ ಇದ್ದಾರೆ. ಅದನ್ನೇ ಕ್ಷೇತ್ರಕಾರ್ಯ ಎನ್ನುವ ವಿಭಾಗ ನಿಮಗೆ ಬೇಡ. ಸಾಧ್ಯವಾದರೆ ಒಮ್ಮೆ ಹೋಗಿ, ಹಿಂದಿನ ವಿದ್ಯಾರ್ಥಿಗಳ ಪ್ರಬಂಧಗಳನ್ನು ತೋರಿಸಲು ಕೇಳಿ. ಒಂದೆರಡು ಪ್ರಬಂಧ ತಿರುವಿ ಹಾಕಿ: ಊರಿನ ಜನರ ಮಾತು ಅದರಲ್ಲಿದೆಯೇ, ಬರೀ ಶೇಕಡಾವಾರು ಕೋಷ್ಟಕಗಳೇ ತುಂಬಿವೆಯೇ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಕನ್ನಡದಲ್ಲಿ ಪರೀಕ್ಷೆ ಬರೆಯಬಹುದೇ ಎಂಬುದನ್ನೂ ಅಲ್ಲೇ ಕೇಳಿಕೊಳ್ಳಿ.

ಕಾಗದಪತ್ರಗಳ ವಿಷಯ. ಟಿ.ಸಿ. ಕಾಲೇಜಿನಿಂದ, ಮೈಗ್ರೇಶನ್ ಸರ್ಟಿಫಿಕೇಟ್ ನೀವು ನೋಂದಣಿಯಾದ ವಿಶ್ವವಿದ್ಯಾಲಯದಿಂದ ಸಿಗುತ್ತದೆ. ಹಳೆಯ ಬ್ಯಾಚಿನವರಿಗೆ ಅದು ಮಂಗಳೂರು, ಈಚಿನವರಿಗೆ ಚಿಕ್ಕಅಳುವಾರದ ಕೊಡಗು ವಿಶ್ವವಿದ್ಯಾಲಯ. ಹಿಂದುಳಿದ ವರ್ಗಗಳ ಕೇಂದ್ರದ ಪಟ್ಟಿಯೂ ರಾಜ್ಯದ ಪಟ್ಟಿಯೂ ಒಂದೇ ಅಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವ ಮೊದಲು ನಿಮ್ಮ ಸಮುದಾಯ ಕೇಂದ್ರದ ಪಟ್ಟಿಯಲ್ಲಿದೆಯೇ ನೋಡಿಕೊಳ್ಳಿ. ಪರಿಶಿಷ್ಟ ಪಂಗಡದವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಹೊರರಾಜ್ಯದಲ್ಲಿ ಓದಿದರೂ ಸ್ವಂತ ರಾಜ್ಯದಿಂದಲೇ ಪಡೆಯಬೇಕು. ಹಾಗಾಗಿ ಹೊರಡುವ ಮೊದಲೇ ಗಿರಿಜನ ಕಲ್ಯಾಣ ಕಚೇರಿಗೆ ಹೋಗಿ ವಿಚಾರಿಸಿ. ನಡುವೆ ಬಿಟ್ಟು ಹೋಗುವವರು ಹೊಸ ಕಡೆಯ ಪ್ರವೇಶ ಪತ್ರ ಕೈಗೆ ಬರುವವರೆಗೆ ಇಲ್ಲಿಯ ಟಿ.ಸಿ. ತೆಗೆಸಬೇಡಿ.