ಜರ್ಮನಿಯಲ್ಲಿ ಮಗು ಬರುವ ಮುಂಚೆ: ದುಡ್ಡಿಗಿಂತ ಮೊದಲು ತಾರೀಖು ನೋಡಿ

ಊರಿಂದ ಬಂದ ಹೊಸ ಜೋಡಿಗಳು ಮೊದಲು ಕೇಳುವುದು ಹೆರಿಗೆ ಖರ್ಚಿನ ಬಗ್ಗೆ. ಟಿಕೆ, ಎಒಕೆ ತರಹದ ಸರ್ಕಾರಿ ವಿಮೆ ಇದ್ದರೆ ಆ ಚಿಂತೆ ಬಿಡಿ. ಸಿಸೇರಿಯನ್ ಆದರೂ ಆಸ್ಪತ್ರೆ ಬಿಲ್ಲು ನಿಮ್ಮ ಕೈಗೆ ಬರುವುದಿಲ್ಲ. ಗಂಡನೂ ಜೊತೆಗಿರಲು ಫ್ಯಾಮಿಲಿ ರೂಮ್ ಕೇಳಿದರೆ ಅದಕ್ಕೆ ಮಾತ್ರ ಬೇರೆ ಕೊಡಬೇಕಾಗುತ್ತದೆ. ಇಲ್ಲಿ ನಮ್ಮವರ ದುಡ್ಡು ಹೋಗುವುದು ತಾರೀಖು ತಪ್ಪಿದ್ದಕ್ಕೆ.

ದೊಡ್ಡ ಮೊತ್ತ ಎಲ್ಟರ್ನ್‌ಗೆಲ್ಡ್‌ನದು. ಮಗು ನೋಡಿಕೊಳ್ಳಲು ರಜೆ ಹಾಕಿದ ತಾಯಿ ಅಥವಾ ತಂದೆಗೆ, ಹಿಂದೆ ಕೈಗೆ ಬರುತ್ತಿದ್ದ ಸಂಬಳದ ಸುಮಾರು 65% ಸಿಗುತ್ತದೆ. ಆದರೆ ತಿಂಗಳಿಗೆ 1,800 ಯೂರೋ ದಾಟುವುದಿಲ್ಲ. ಸಂಪಾದನೆಯೇ ಇಲ್ಲದ ತಾಯಿಗೂ 300 ಯೂರೋ ಬರುತ್ತದೆ. ಐಟಿ ಸಂಬಳದಲ್ಲಿ ಇಬ್ಬರೂ ದುಡಿಯುತ್ತಿದ್ದರೆ ಆ 1,800ರ ಮಿತಿ ಜೋರಾಗಿಯೇ ತಟ್ಟುತ್ತದೆ. ಬಾಡಿಗೆ, ಊರಿನ ಹೋಮ್ ಲೋನ್ ಇಎಂಐ, ಅಪ್ಪ ಅಮ್ಮನಿಗೆ ಕಳಿಸುವ ಹಣ ಎಲ್ಲ ಸೇರಿಸಿ ಈಗಲೇ ಒಂದು ಲೆಕ್ಕ ಹಾಕಿಕೊಳ್ಳಿ.

ಇಬ್ಬರೂ ಕೆಲಸದಲ್ಲಿದ್ದರೆ ಟ್ಯಾಕ್ಸ್ ಕ್ಲಾಸ್, ಅಂದರೆ ಸಂಬಳದಿಂದ ತಿಂಗಳಿಗೆ ಎಷ್ಟು ತೆರಿಗೆ ಕಡಿಯಬೇಕು ಅಂತ ಹೇಳುವ ವರ್ಗ, ತುಂಬಾ ಮುಖ್ಯ. ಗಂಡ 3, ಹೆಂಡತಿ 5 ಅಂತ ಇದ್ದರೆ ಅವಳ ಕೈಗೆ ಬರುವುದು ಕಡಿಮೆ, ಎಲ್ಟರ್ನ್‌ಗೆಲ್ಡ್ ಕೂಡ ಕಡಿಮೆ. ಅವಳನ್ನು 3ಕ್ಕೆ ತರಬಹುದು, ಆದರೆ ಮುಟರ್‌ಶುಟ್ಸ್, ಅಂದರೆ ಹೆರಿಗೆ ರಜೆ ಶುರುವಾಗುವ ತಿಂಗಳಿಗಿಂತ ಮುಂಚೆ ಆ ಕ್ಲಾಸ್ ಏಳು ತಿಂಗಳಾದರೂ ನಡೆದಿರಬೇಕು. ಡಿಸೆಂಬರ್ 20ಕ್ಕೆ ದಿನ ಕೊಟ್ಟಿದ್ದಾರೆ ಅಂದುಕೊಳ್ಳಿ. ಆರು ವಾರ ಹಿಂದಕ್ಕೆ ಹೋದರೆ ರಜೆ ಶುರು ನವೆಂಬರ್‌ನಲ್ಲಿ. ಹಾಗಾದರೆ ಏಪ್ರಿಲ್‌ನಿಂದಲೇ 3 ಇರಬೇಕು, ಅರ್ಜಿ ಮಾರ್ಚ್‌ನಲ್ಲೇ ಹೋಗಿರಬೇಕು. ಆಗ ಬಸುರಿ ಅಂತಲೇ ಗೊತ್ತಾಗಿರುವುದಿಲ್ಲ, ಅಲ್ವಾ? ಅದಕ್ಕೇ ಮಗು ಬೇಕು ಅಂತ ಯೋಚಿಸಿದ ದಿನವೇ ಬದಲಾಯಿಸಿ. ಗಂಡನ ಕೈಗೆ ಕೆಲವು ತಿಂಗಳು ಕಡಿಮೆ ಬರುತ್ತದೆ, ಆದರೆ ಹೆಚ್ಚು ಕಟ್ಟಿದ್ದು ಜಂಟಿ ರಿಟರ್ನ್ಸ್ ಹಾಕಿದಾಗ ಸರಿಹೋಗುತ್ತದೆ.

ಅಪ್ಪಂದಿರ ರಜೆಗೂ ಲೆಕ್ಕ ಇದೆ. ಎಲ್ಟರ್ನ್‌ಗೆಲ್ಡ್‌ನ ತಿಂಗಳು ಕ್ಯಾಲೆಂಡರ್‌ನದಲ್ಲ, ಮಗುವಿನದು. ಮಗು 12ಕ್ಕೆ ಹುಟ್ಟಿದರೆ ಅದರ ತಿಂಗಳು 12ರಿಂದ ಮುಂದಿನ 11ರವರೆಗೆ. ನೀವು ಸುಮ್ನೆ 1ರಿಂದ 30ರವರೆಗೆ ರಜೆ ಹಾಕಿದರೆ ಅದು ಮಗುವಿನ ಎರಡು ತಿಂಗಳಿಗೆ ಹಂಚಿಹೋಗಿ, ಉಳಿದ ದಿನಗಳ ಸಂಬಳ ಎರಡರಲ್ಲೂ ಕಡಿತಕ್ಕೆ ಬರುತ್ತದೆ. ಕಂಪನಿಗೆ ಏಳು ವಾರ ಮುಂಚೆ ತಿಳಿಸುವಾಗ ತಾರೀಖು ಹಾಕದೆ "ಮಗು ಹುಟ್ಟಿದ ದಿನದಿಂದ" ಅಂತಲೇ ಬರೆಯಿರಿ. ಇನ್ನೊಂದು ಮಾತು: ಈ ಹಣಕ್ಕೆ ನೇರ ತೆರಿಗೆ ಇಲ್ಲ, ಆದರೆ ಉಳಿದ ಆದಾಯದ ಮೇಲಿನ ದರ ಏರುತ್ತದೆ. ಮುಂದಿನ ವರ್ಷ ಕಟ್ಟಬೇಕಾಗಿ ಬರಬಹುದು, ಸ್ವಲ್ಪ ಎತ್ತಿಡಿ.

ಖಾಸಗಿ ವಿಮೆ ಅಗ್ಗ ಅಂತ ಏಜೆಂಟ್ ಹೇಳಿದರೆ ತಕ್ಷಣ ಸಹಿ ಹಾಕಬೇಡಿ. ಸರ್ಕಾರಿ ವಿಮೆಯಲ್ಲಿ ಮಗು ಪುಕ್ಕಟೆ ಸೇರುತ್ತದೆ. ಜಾಸ್ತಿ ಸಂಬಳದ ಗಂಡ ಖಾಸಗಿಗೆ ಹೋಗಿದ್ದರೆ, ಹೆಂಡತಿ ಸರ್ಕಾರಿಯಲ್ಲಿದ್ದರೂ ಸಾಮಾನ್ಯವಾಗಿ ಮಗುವಿಗೆ ಬೇರೆ ಕಂತು ಕಟ್ಟಬೇಕು.

ಇನ್ನು ಕಾಗದಪತ್ರ. ನಮ್ಮಲ್ಲಿ ಊರ ಹೆಸರು, ಅಪ್ಪನ ಹೆಸರು ಇನಿಷಿಯಲ್‌ನಲ್ಲಿ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಮದುವೆ ಸರ್ಟಿಫಿಕೇಟಿನಲ್ಲಿ ಇನ್ನೊಂದು ತರಹ. ಜನನ ನೋಂದಣಿ ಕಚೇರಿಯಾದ ಶ್ಟಾಂಡೆಸ್‌ಆಮ್ಟ್‌ನಲ್ಲಿ ಇದು ತಿಂಗಳುಗಟ್ಟಲೆ ಎಳೆಯಬಹುದು. ಇಬ್ಬರ ಜನನ ಪತ್ರ, ಮದುವೆ ಪತ್ರ ಊರಿಂದ ತರಿಸಿ, ಪ್ರಮಾಣಿತ ಅನುವಾದಕರಿಂದ ಜರ್ಮನ್‌ಗೆ ಮಾಡಿಸಿ, ಹೆರಿಗೆಗೆ ಮುಂಚೆಯೇ ಕಚೇರಿಯವರಿಗೆ ತೋರಿಸಿ ಕೇಳಿ. ಎಲ್ಟರ್ನ್‌ಗೆಲ್ಡ್‌ಗೆ ತಡವಾಗಿ ಅರ್ಜಿ ಹಾಕಿದರೆ ಹಿಂದಿನ ಮೂರು ತಿಂಗಳಿಗೆ ಮಾತ್ರ ಸಿಗುತ್ತದೆ. ಹಾಗಾಗಿ ಮಗುವಿನ ಸರ್ಟಿಫಿಕೇಟ್ ಬರದಿದ್ದರೂ ಅರ್ಜಿ ಹಾಕಿಬಿಡಿ, ಅದನ್ನು ಆಮೇಲೆ ಕಳಿಸಬಹುದು. ಕಿಂಡರ್‌ಗೆಲ್ಡ್, ಅಂದರೆ ಮಗುವಿಗೆ ಸರ್ಕಾರ ಪ್ರತಿ ತಿಂಗಳು ಕೊಡುವ ಹಣ, ಹಿಂದಿನ ಆರು ತಿಂಗಳಿಗೂ ಸಿಗುತ್ತದೆ. ಅದು 2026ರಿಂದ ತಿಂಗಳಿಗೆ 259 ಯೂರೋ.

ಕೀಟಾ, ಅಂದರೆ ಶಿಶುವಿಹಾರಕ್ಕೆ ಬಸುರಿಯಲ್ಲೇ ಹೆಸರು ಬರೆಸಿ. ವರ್ಷ ತುಂಬಿದ ಮಗುವಿಗೆ ಸೀಟು ಕಾನೂನಿನ ಹಕ್ಕು ನಿಜ, ಆದರೆ ಮನೆ ಹತ್ತಿರ ಸಿಗುವುದು ಕಷ್ಟ. ಶುಲ್ಕ ಊರಿಂದೂರಿಗೆ ಬೇರೆ. ಬರ್ಲಿನ್‌ನಲ್ಲಿ ಊಟದ ದುಡ್ಡು ಮಾತ್ರ ಖಂಡಿತ ಕೊಡಬೇಕು.

ಬಾಣಂತನಕ್ಕೆ ಅಮ್ಮ, ಅತ್ತೆ ಇಬ್ಬರನ್ನೂ ಒಟ್ಟಿಗೆ ಕರೆಸಬೇಡಿ. ಷೆಂಗೆನ್ ವೀಸಾದಲ್ಲಿ 180 ದಿನಕ್ಕೆ 90 ದಿನ ಮಾತ್ರ, ಇಬ್ಬರ ದಿನವೂ ಒಟ್ಟಿಗೇ ಮುಗಿಯುತ್ತದೆ. ಒಬ್ಬರಾದ ಮೇಲೆ ಒಬ್ಬರು ಬಂದರೆ ಆರು ತಿಂಗಳು ಕೈಯಾಸರೆ ಇರುತ್ತದೆ. ಜೊತೆಗೆ ಹೆಬಾಮೆ, ಅಂದರೆ ಸೂಲಗಿತ್ತಿ ಮನೆಗೇ ಬಂದು ತಾಯಿ ಮಗುವನ್ನು ನೋಡುತ್ತಾರೆ, ಖರ್ಚು ವಿಮೆಯದು. ಆದರೆ ಸಿಗುವುದು ಕಷ್ಟ. ಬಸುರಿ ಅಂತ ಗೊತ್ತಾದ ವಾರದಲ್ಲೇ ಫೋನ್ ಮಾಡಲು ಶುರು ಮಾಡಿ.