ಕೆಂಪು ಕೋಟೆಯ ಭಾಷಣ, ಧಾರಾವಿಯ ಮಕ್ಕಳು: ನಾಲ್ಕನೇ ವರ್ಷಕ್ಕೆ ಕೈಗೂಡಿದ ಕ್ರಮ (ನನ್ನ ಅನುಭವ)

ಮುಂಬಯಿಯಲ್ಲಿ ನಡೆದ ಒಂದು ಕನ್ನಡ ಕಾರ್ಯಕ್ರಮದಲ್ಲಿ ನಮ್ಮ ಶಾಲೆಯ ಮಕ್ಕಳ ಗೋಡೆ ಪತ್ರಿಕೆ ಹಾಕಿದ್ದೆ. ನಾಲ್ಕು ಚಾರ್ಟ್ ಪೇಪರು, ಮೂವತ್ತೆಂಟು ಚೀಟಿ. 2025ರ ಆಗಸ್ಟ್ 15ರಂದು ಪ್ರಧಾನಿ ಮಾಡಿದ ಭಾಷಣಕ್ಕೆ ಎಂಟು, ಒಂಬತ್ತನೇ ತರಗತಿಯ ಮಕ್ಕಳು ಬರೆದ ಮಾತು. ಜನ ನಿಂತು ಓದಿದರು. "ಇದು ನೀವೇ ಬರೆಸಿದ್ದಲ್ವಾ?" ಎಂದು ಕೇಳಿದವರು ಹೆಚ್ಚಾಗಿ ಮೇಷ್ಟ್ರುಗಳೇ. ಬರೆಸಿದ್ದಲ್ಲ. ಒಂದು ಅಕ್ಷರವನ್ನೂ ತಿದ್ದಿಲ್ಲ. ಆದರೆ ಅಲ್ಲಿಗೆ ಬರಲು ನಾಲ್ಕು ವರ್ಷ ಹಿಡಿಯಿತು, ಕೈಯಿಂದ ಏಳು, ಏಳೂವರೆ ಸಾವಿರ ಹೋಯಿತು. ಮಕ್ಕಳಿಗೆ ಚೀಟಿ ಹಂಚುವುದು, ಗುಂಪು ಮಾಡುವುದು ನಿಮಗೆಲ್ಲ ಗೊತ್ತಿದ್ದದ್ದೇ. ನಾನು ಎಲ್ಲಿ ಎಡವಿದೆ ಅನ್ನುವುದನ್ನೇ ಜಾಸ್ತಿ ಬರೆಯುತ್ತೇನೆ.

ನಾನಿರುವುದು ಧಾರಾವಿ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ. ಸಮಾಜ ವಿಜ್ಞಾನ ನನ್ನದು. ಮಕ್ಕಳ ಮನೆಯವರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದವರು. ಟೇಲರಿಂಗ್, ಗಾರೆ ಕೆಲಸ, ಮನೆಗೆಲಸ, ಸಣ್ಣ ಗಾಡಿ ವ್ಯಾಪಾರ. ನನ್ನ ಆಸೆ ಒಂದೇ. ದೇಶದ ದೊಡ್ಡ ಮನುಷ್ಯ ವರ್ಷಕ್ಕೊಮ್ಮೆ ಎದ್ದು ನಿಂತು "ಇದನ್ನು ಮಾಡುತ್ತೇವೆ" ಎಂದು ಹೇಳುತ್ತಾನೆ. ಅದನ್ನು ಕೇಳಿ ಈ ಮಕ್ಕಳಿಗೆ ಏನನ್ನಿಸುತ್ತದೆ?

ನಮ್ಮ ಹಿರಿಯ ಶಿಕ್ಷಕರೊಬ್ಬರು ಮೊದಲೇ ಹೇಳಿಬಿಟ್ಟರು: "ಏನೂ ಅನ್ನಿಸಲ್ಲ ಮಾರಾಯರೇ. ಲಾಡು ಕೊಡೋವರೆಗೆ ನಿಂತಿರ್ತಾರೆ, ಅಷ್ಟೇ." ಮುಖ್ಯೋಪಾಧ್ಯಾಯರಿಗೆ ಬೇರೆ ಭಯ, ರಾಜಕೀಯ ಅಂತ ಯಾರಾದರೂ ಗಲಾಟೆ ಮಾಡಿದರೆ? ಆ ಭಯ ಸುಳ್ಳಲ್ಲ. ಅದಕ್ಕೆ ಮೊದಲ ದಿನದಿಂದಲೇ ಒಂದು ಕಟ್ಟು ಹಾಕಿಕೊಂಡೆ. ಚೀಟಿಯಲ್ಲಿ ಪಕ್ಷದ ಹೆಸರು ಬರಬಾರದು, ಯಾರ ಹೊಗಳಿಕೆ ಬೈಗುಳವೂ ಬೇಡ. ಹೇಳಿದ ಕೆಲಸದ ಬಗ್ಗೆ ಮಾತ್ರ ಬರೆಯಬೇಕು.

2022ರಲ್ಲಿ ಲೈವ್ ತೋರಿಸಲು ಹೋದೆ. ದಿನಕ್ಕೆ ಒಂದೂವರೆ ಸಾವಿರ ಕೊಟ್ಟು ಪ್ರೊಜೆಕ್ಟರ್ ಬಾಡಿಗೆಗೆ ತಂದೆ. ಸಾವಿರದ ಎಂಟುನೂರಕ್ಕೆ ಸ್ಪೀಕರ್, ಏಳುನೂರರ ವಡಾಪಾವ್. ಕೆಂಪು ಕೋಟೆಯಲ್ಲಿ ಭಾಷಣ ಶುರುವಾಗುವುದು ಏಳೂವರೆ ಹೊತ್ತಿಗೆ. ನಮ್ಮ ಶಾಲೆಯ ಧ್ವಜ ಹಾರುವುದೂ ಸುಮಾರು ಅದೇ ಹೊತ್ತಿಗೆ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಧ್ವಜ ಮುಗಿಸಿ ಒದ್ದೆ ಯೂನಿಫಾರ್ಮಿನಲ್ಲಿ ಮಕ್ಕಳು ಒಳಗೆ ಬರುವಾಗ ಭಾಷಣ ಅರ್ಧ ಆಗಿತ್ತು. ನೆಟ್ ನಿಂತು ನಿಂತು ಬರುತ್ತಿತ್ತು. ಕೊನೆಗೆ ಮೂವತ್ತು ಚಿಲ್ಲರೆ ಚೀಟಿ ಬಂದವು. ಅದರಲ್ಲಿ ಇಪ್ಪತ್ತೇಳರಲ್ಲಿ ಒಂದೇ ಸಾಲು: "ಭಾಷಣ ತುಂಬಾ ಚೆನ್ನಾಗಿತ್ತು." ನಾಲ್ಕು ಸಾವಿರ ರೂಪಾಯಿಗೆ ಅಷ್ಟೇ ಫಲ.

ಆದರೆ ಉಳಿದ ಚೀಟಿಗಳಲ್ಲಿ ಒಂದು ದಾರಿ ಇತ್ತು. ಆ ವರ್ಷ ಪ್ರಧಾನಿ ಐದು ಸಂಕಲ್ಪಗಳ ಬಗ್ಗೆ ಮಾತಾಡಿದ್ದರು, ಹಿಂದಿಯಲ್ಲಿ 'ಪಂಚ್ ಪ್ರಣ್'. ಒಬ್ಬ ಹುಡುಗ ಬರೆದಿದ್ದ: "ಪ್ರಧಾನಿಗೆ ಐದು ವಸ್ತು ಪಂಚಪ್ರಾಣ." ನಮ್ಮಲ್ಲಿ ಸಿನಿಮಾ ಅಂದ್ರೆ ಪಂಚಪ್ರಾಣ, ಹೋಳಿಗೆ ಅಂದ್ರೆ ಪಂಚಪ್ರಾಣ ಅನ್ನುತ್ತೇವಲ್ವಾ, ಅವನು ಹಾಗೇ ಕೇಳಿಸಿಕೊಂಡಿದ್ದ. ಹಿಂದಿಯ 'ಶಿಕ್ಷಾ ನೀತಿ' ಎಂದರೆ ಶಿಕ್ಷಣ ನೀತಿ, ಇನ್ನೊಬ್ಬಳಿಗೆ ಅದು ಮೇಷ್ಟ್ರು ಹೊಡೆಯುವ ಕಾನೂನು. ಹಿಂದಿಯ 'ಅವಸರ್' ಎಂದರೆ ಅವಕಾಶ, ನಮಗೆ ಅದು ಗಡಿಬಿಡಿ. ಯುವಕರಿಗೆ 'ಅವಸರ' ಕೊಡುತ್ತೇವೆ ಎಂದರೆ ಮಗು ಏನು ತಿಳಿಯಬೇಕು? ನಮ್ಮ ಮಕ್ಕಳು ರಸ್ತೆಯಲ್ಲಿ ಬಂಬೈಯಾ ಹಿಂದಿ ಸಲೀಸಾಗಿ ಮಾತಾಡುತ್ತಾರೆ. ಭಾಷಣದ ಹಿಂದಿ ಬೇರೆ. ಪದ ಗುರುತಿದ್ದಂತೆ ಕಾಣುತ್ತದೆ, ಅರ್ಥ ಕೈಗೆ ಸಿಗುವುದಿಲ್ಲ. ಮಕ್ಕಳಿಗೆ ಆಸಕ್ತಿ ಇಲ್ಲ ಎಂದುಕೊಂಡಿದ್ದು ನಮ್ಮ ತಪ್ಪು. ಅವರು ಕೇಳಿದ್ದರು, ಅರ್ಥ ಬೇರೆ ಕಡೆ ಹೋಗಿತ್ತು.

2023ರಲ್ಲಿ ಪ್ರಬಂಧ ಸ್ಪರ್ಧೆ ಇಟ್ಟೆ. ಮೊದಲ ಬಹುಮಾನ ಐನೂರು, ಉಳಿದವರಿಗೆ ಕಂಪಾಸ್ ಪೆಟ್ಟಿಗೆ, ಜೊತೆಗೆ ಹೌದು-ಇಲ್ಲ ಟಿಕ್ ಮಾಡುವ ನಾಲ್ಕು ಪುಟದ ಪ್ರಶ್ನೆಪತ್ರ. ಝೆರಾಕ್ಸ್ ಪುಟಕ್ಕೆ ಎರಡು ರೂಪಾಯಿ. ಒಟ್ಟು ಹತ್ತೊಂಬತ್ತು ನೂರು ಖರ್ಚು. ಆರು ಪ್ರಬಂಧಗಳ ಮೊದಲ ಸಾಲು ಒಂದೇ ಆಗಿತ್ತು, ಫೋನಿನಿಂದ ಇಳಿಸಿದ್ದು. ಟಿಕ್ ಹಾಳೆಯಲ್ಲಿ ಎಲ್ಲರೂ ಎಲ್ಲದಕ್ಕೂ ಹೌದು. ಮೇಷ್ಟ್ರು ಕೇಳಿದರೆ ಹೌದು ಅನ್ನಬೇಕು ಅನ್ನುವುದು ಮಕ್ಕಳಿಗೆ ರೂಢಿ.

ಕೈಬಿಡಬೇಕು ಎಂದು ಕುಳಿತಿದ್ದೆ. ಭಾಷಣ ಆಗಿ ಮೂರು ದಿನ ಕಳೆದಿತ್ತು. ಎಂಟನೇ ತರಗತಿಯ ಒಬ್ಬ ಹುಡುಗಿ ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದಳು: "ಸರ್, ಆ ವಿಶ್ವಕರ್ಮ ಯೋಜನಾ ನಮ್ಮಪ್ಪಗ ಸಿಗ್ತದೇನ್ರಿ? ನಮ್ಮಪ್ಪ ಟೇಲರ್ ಅದಾನ." ಕೈಕಸುಬಿನವರಿಗೆ ಒಂದು ಯೋಜನೆ ತರುತ್ತೇವೆ ಎಂದು ಆ ವರ್ಷ ಕೆಂಪು ಕೋಟೆಯಲ್ಲಿ ಹೇಳಿದ್ದರು. ಮಾರನೇ ದಿನವೇ ಮಂತ್ರಿಮಂಡಲ ಒಪ್ಪಿತು, ಸೆಪ್ಟೆಂಬರ್ 17ಕ್ಕೆ ಶುರುವಾಯಿತು. ಹದಿನೆಂಟು ಕಸುಬು, ಅದರಲ್ಲಿ ದರ್ಜಿಯೂ ಇದ್ದಾನೆ. ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷ ಸಾಲ, ಬಡ್ಡಿ ಶೇಕಡಾ 5. ಪ್ರಬಂಧದಲ್ಲಿ ಆ ಹುಡುಗಿ ಬರೆದಿದ್ದು "ನಮ್ಮ ದೇಶ ಮಹಾನ್ ದೇಶ" ಅಂತ. ಮೆಟ್ಟಿಲ ಹತ್ತಿರ ಕೇಳಿದ್ದು ಅಪ್ಪನ ಹೊಲಿಗೆ ಮಿಷನ್ನಿನ ಮಾತು. ನಾನು ನಾಲ್ಕು ಸಾವಿರ ಖರ್ಚು ಮಾಡಿ ಹುಡುಕಿದ್ದು ಇದನ್ನೇ. ಅದು ಮೂರು ದಿನ ತಡವಾಗಿ, ಮನೆಯಿಂದ ಬಂದಿತ್ತು.

ಅಂದಿನಿಂದ ಆಗಸ್ಟ್ 15ರಂದು ಏನನ್ನೂ ಕೇಳುವುದಿಲ್ಲ. ಅವತ್ತು ಧ್ವಜ, ಹಾಡು, ಲಾಡು. ಮುಗಿಯಿತು.

2024ರ ಭಾಷಣ 98 ನಿಮಿಷ. ಪೂರ್ತಿ ಪಠ್ಯ ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿಯ ತಾಣದಲ್ಲಿ ಸಿಗುತ್ತದೆ, ಕನ್ನಡದಲ್ಲೂ. ಅದರಿಂದ ಹನ್ನೆರಡು ವಾಕ್ಯ ಆರಿಸಿ ಕಾಗದದ ಪಟ್ಟಿಗಳ ಮೇಲೆ ಕನ್ನಡದಲ್ಲಿ ಬರೆದು ಕೊಟ್ಟೆ. ಅರ್ಧ ಗೆದ್ದೆ. ಮೂವತ್ತಾರರಲ್ಲಿ ಹನ್ನೊಂದು ಚೀಟಿ ಚೆನ್ನಾಗಿದ್ದವು. ಐದು ವರ್ಷದಲ್ಲಿ 75,000 ಹೊಸ ಮೆಡಿಕಲ್ ಸೀಟು ಎಂಬ ವಾಕ್ಯಕ್ಕೆ ಒಬ್ಬಳು ಬರೆದಳು: "ಸೀಟು ಹೆಚ್ಚು ಮಾಡುತ್ತಾರೆ, ಫೀಸು ಕಡಿಮೆ ಮಾಡುತ್ತಾರಾ ಎಂದು ಅಮ್ಮ ಕೇಳಿದಳು." ಉಳಿದ ಇಪ್ಪತ್ತೈದು ಚೀಟಿ ಪಾಠದ ಉತ್ತರದ ಥರ ಇದ್ದವು. ಯಾಕೆ ಎಂದು ಬಹಳ ಯೋಚಿಸಿದೆ. ಅಚ್ಚುಕಟ್ಟಾದ ಕನ್ನಡ ವಾಕ್ಯ ಕೊಟ್ಟ ಕೂಡಲೇ ಮಗು ಅದನ್ನು ಪಾಠ ಅಂದುಕೊಂಡು ಬಾಯಿಪಾಠ ಮಾಡುತ್ತದೆ. ಮನೆಯಲ್ಲಿ ಯಾರನ್ನೂ ಕೇಳುವ ಗೋಜೇ ಇಲ್ಲ.

ಇಲ್ಲಿ ಸ್ವಲ್ಪ ಹಿಂದೆ ಹೋಗುತ್ತೇನೆ. 1996ರಲ್ಲಿ ನಾನು ಮುಂಬಯಿಯ ಮಾಟುಂಗದ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದೆ. ರಾತ್ರಿ ಫೋರ್ಟ್ ಕಡೆಯ ಕನ್ನಡ ರಾತ್ರಿ ಶಾಲೆ. ಆ ವರ್ಷ ಕೆಂಪು ಕೋಟೆಯಲ್ಲಿ ನಿಂತವರು ದೇವೇಗೌಡರು. ಧಣಿಗಳು ಟಿವಿ ಜೋರು ಮಾಡಿಸಿದರು. ಅಡುಗೆಯವರು ಹೊರಗೆ ಬಂದು ನಿಂತರು. ನಮ್ಮವರು ಹಿಂದಿಯಲ್ಲಿ ಮಾತಾಡಿದರು. ಆ ಹಿಂದಿಯನ್ನು ಅವರು ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡು ಓದಿದ್ದು ಎಂದು ಆಮೇಲೆ ತಿಳಿಯಿತು. ಅದು ನನ್ನ ತಲೆಯಲ್ಲಿ ಹಾಗೇ ಉಳಿದಿತ್ತು. ಸುಮಾರು ಇಪ್ಪತ್ತೊಂಬತ್ತು ವರ್ಷದ ಮೇಲೆ ಅದೇ ಕೈಹಿಡಿಯಿತು.

2025ರಲ್ಲಿ ಪಟ್ಟಿಯ ಮೇಲೆ ಹಿಂದಿ ವಾಕ್ಯವನ್ನೇ ಕನ್ನಡ ಅಕ್ಷರದಲ್ಲಿ ಬರೆದೆ. ಅರ್ಥ ಬರೆಯಲಿಲ್ಲ. ಮಗು ಓದಬಲ್ಲದು, ಪೂರ್ತಿ ತಿಳಿಯುವುದಿಲ್ಲ. ಯಾರನ್ನಾದರೂ ಕೇಳಲೇಬೇಕು. ಕೇಳಿದ ಕಡೆ ಮಾತು ಹುಟ್ಟುತ್ತದೆ. 103 ನಿಮಿಷದ ಭಾಷಣದಿಂದ ಹನ್ನೆರಡೇ ವಾಕ್ಯ ತೆಗೆದೆ. ಪ್ರತಿ ವಾಕ್ಯದಲ್ಲಿ ಒಂದು ಅಂಕಿ, ಒಂದು ಗಡುವು ಅಥವಾ ಒಂದು ಕಸುಬು ಇರಲೇಬೇಕು. ಇಲ್ಲದಿದ್ದರೆ ಆ ವಾಕ್ಯ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ. ಆ ವಾಕ್ಯ ಬರುವ ಕಡೆಯ ಒಂದೂವರೆ ನಿಮಿಷದ ಆಡಿಯೋವನ್ನು ತರಗತಿಯಲ್ಲಿ ಮೂರು ಸಲ ಕೇಳಿಸುತ್ತೇನೆ. ವಿಡಿಯೋ ಬೇಡ, ಮಕ್ಕಳು ಪೇಟದ ಬಣ್ಣ ನೋಡುತ್ತಾ ಕೂರುತ್ತಾರೆ. ಪಟ್ಟಿ ಮನೆಗೆ ಹೋಗುತ್ತದೆ. ದುಡಿಯುವ ಒಬ್ಬರನ್ನು ಕೇಳಬೇಕು: "ಇದು ನಿನ್ನ ತನಕ ಬರುತ್ತಾ?" ನಾಲ್ಕನೇ ದಿನ ಮೂರು ಸಾಲು ಬರೆಯಬೇಕು. ಯಾರನ್ನು ಕೇಳಿದೆ, ಅವರು ಅಂದದ್ದು ಹಾಗೇ, ಈಗ ನನ್ನ ಪ್ರಶ್ನೆ. 'ನನ್ನ ಅಭಿಪ್ರಾಯ' ಎಂಬ ಪದ ಹಾಳೆಯಲ್ಲಿ ಎಲ್ಲೂ ಇರಬಾರದು.

ಯಾವ ಪಟ್ಟಿ ಯಾವ ಮಗುವಿಗೆ ಎಂದು ನಾನು ಹೇಗೆ ಹಂಚುತ್ತೇನೆ, ನಾಲ್ಕನೇ ದಿನ ತರಗತಿಗೆ ಹೋದ ಕೂಡಲೇ ಮೊದಲು ಏನು ಕೇಳುತ್ತೇನೆ, ಈ ಎರಡನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಬಂಡವಾಳ. ಶಾಲೆಗೆ ಬನ್ನಿ, ಕೂತು ನೋಡಿ.

ಆ ಸಲ ಮಳೆಯೂ ಸಹಾಯ ಮಾಡಿತು. 15 ಶುಕ್ರವಾರ, 16 ದಹಿ ಹಂಡಿ, ಅಂದರೆ ಮೊಸರು ಕುಡಿಕೆ ಹಬ್ಬ. ಪಟ್ಟಿ ಕೊಟ್ಟಿದ್ದು ಸೋಮವಾರ 18ರ ಬೆಳಿಗ್ಗೆ. ಆಗಲೇ ಭಾರಿ ಮಳೆ, 19ಕ್ಕೆ ಶಾಲೆಗೆ ರಜೆ. ಕೆಲಸ ಕೆಟ್ಟಿತು ಎಂದು ನಾನು ಪೇಚಾಡುತ್ತಿದ್ದೆ. ಆದರೆ ಮಳೆಗೆ ಸೈಟ್ ಕೆಲಸ ನಿಂತು ಅಪ್ಪಂದಿರು ಮನೆಯಲ್ಲೇ ಇದ್ದರು. ಯಾವತ್ತೂ ಮಗ ಮಲಗಿದ ಮೇಲೆ ಬರುವವರು ಇಡೀ ದಿನ ಮಗನ ಎದುರು ಕೂತಿದ್ದರು. ಗುರುವಾರ ಬಂದ ಚೀಟಿ ನೋಡಿ ನನಗೆ ಮಾತೇ ಹೊರಡಲಿಲ್ಲ. ಮೂವತ್ತೆಂಟರಲ್ಲಿ ಮೂವತ್ತೊಂದು, ಮೂವತ್ತೆರಡು ನಿಜವಾದ ಚೀಟಿಗಳು.

ಮೊದಲ ಕೆಲಸಕ್ಕೆ ಸೇರುವ ಯುವಕರಿಗೆ 15,000 ರೂಪಾಯಿ ಎಂಬ ಮಾತಿನ ಪಟ್ಟಿ ಒಂಬತ್ತನೇ ತರಗತಿಯ ಒಬ್ಬನಿಗೆ ಹೋಗಿತ್ತು. ಅವನ ಅಣ್ಣ ಹೊಸದಾಗಿ ಒಂದು ರೆಡಿಮೇಡ್ ಬಟ್ಟೆಯ ಕಾರ್ಖಾನೆ ಸೇರಿದ್ದಾನೆ, ಸಂಬಳ ಕೈಗೆ ನಗದು. ಆ ದುಡ್ಡು ಸಿಗಬೇಕಾದರೆ ಪಿಎಫ್ (ಭವಿಷ್ಯ ನಿಧಿ) ಖಾತೆ ಇರಬೇಕು. ಹುಡುಗ ಬರೆದ: "ಪಿಎಫ್ ಅಂದರೆ ಏನು ಎಂದು ಅಣ್ಣ ನನ್ನನ್ನೇ ಕೇಳಿದ. ನನ್ನ ಪ್ರಶ್ನೆ: ಪಿಎಫ್ ಕೊಡು ಎಂದು ಸೇಠನ ಹತ್ತಿರ ಯಾರು ಹೇಳಬೇಕು?" ಅಡುಗೆ ಎಣ್ಣೆಯನ್ನು ಶೇಕಡಾ 10 ಕಡಿಮೆ ಮಾಡಿ ಎಂಬ ಮಾತಿಗೆ, ಮಿರ್ಚಿ ಭಜಿ ಮಾರುವ ತಾಯಿ ಅಂದದ್ದು: "ರೇಟ್ ನೋಡಿ ನಾವು ಮೊದಲ ಕಡಿಮಿ ಮಾಡೀವಿ." ಹಿರಿಯ ಶಿಕ್ಷಕರು ಈ ಎರಡು ಚೀಟಿ ಓದಿ ಸುಮ್ಮನೆ ನನ್ನ ಹೆಗಲು ತಟ್ಟಿದರು. ನನಗೆ ಅಷ್ಟು ಸಾಕಾಯಿತು. ಖರ್ಚು ನಾನೂರೈವತ್ತು.

ಇದರ ಜೊತೆಗೆ ಒಂದೆರಡು ಬೇರೆ ಪ್ರಯೋಗವನ್ನೂ ಮಾಡಿದೆವು. ದೀಪಾವಳಿಗೆ ಜಿಎಸ್‌ಟಿ ಇಳಿಸುತ್ತೇವೆ ಎಂದು ಆ ಭಾಷಣದಲ್ಲೇ ಹೇಳಿದ್ದರು. ಸೆಪ್ಟೆಂಬರ್ 22ರಿಂದ ಪೆನ್ಸಿಲು, ರಬ್ಬರು, ನೋಟ್‌ಬುಕ್ಕಿಗೆ ತೆರಿಗೆಯೇ ಇಲ್ಲವೆಂದಾಯಿತು. ಐದು ಮಕ್ಕಳು ಐದು ಅಂಗಡಿಗೆ ಹೋಗಿ ದರ ಬರೆದು ತಂದರು. ಮೂರು ಕಡೆ ಹಳೇ ದರವೇ, ಹಳೇ ಸ್ಟಾಕ್ ಅಂದರಂತೆ. ತಿಂಗಳಾದ ಮೇಲೆ ಮತ್ತೆ ಹೋದಾಗ ಎರಡು ಕಡೆ ಇಳಿದಿತ್ತು.

ಇನ್ನೊಂದು, ಮಾತಿನ ವಹಿ. ಅಂಗಡಿಯ ಉದ್ದರಿ ಪುಸ್ತಕದ ಥರ ಒಂದು ಉದ್ದನೆಯ ಪುಸ್ತಕ. ಯಾವ ವರ್ಷ ಏನು ಹೇಳಿದರು, ಯಾವಾಗ ಅಂದರು, ಏನಾಯಿತು. 2003ರಲ್ಲಿ ವಾಜಪೇಯಿ ಚಂದ್ರಯಾನ ಎಂದರು, 2008ರ ಅಕ್ಟೋಬರಿನಲ್ಲಿ ಹಾರಿತು. ಮಕ್ಕಳು ಅದಕ್ಕೆ ಹಸಿರು ಗುರುತು ಹಾಕಿದ್ದಾರೆ. 2018ರಲ್ಲಿ, 2022ರ ಹೊತ್ತಿಗೆ ನಮ್ಮವರು ಗಗನಯಾನ ಮಾಡುತ್ತಾರೆ ಎಂದರು. 2025 ಮುಗಿದರೂ ನಮ್ಮ ದೇಶದ ರಾಕೆಟ್ಟಿನಲ್ಲಿ ಯಾರೂ ಹೋಗಿರಲಿಲ್ಲ, ಹಳದಿ ಗುರುತು. 2019ರ ಜಲ ಜೀವನ್, ಅಂದರೆ ಊರಿನಲ್ಲಿ 'ಮನೆ ಮನೆಗೆ ಗಂಗೆ' ಅನ್ನುವುದು, 2024ಕ್ಕೆ ಪ್ರತಿ ಹಳ್ಳಿ ಮನೆಗೆ ನಲ್ಲಿ ಎಂದಿತ್ತು. ಈಗ ಗಡುವು 2028. ಅದಕ್ಕೆ ಯಾವ ಬಣ್ಣ ಎಂದು ಜಗಳವೇ ಆಯಿತು. ಕೊನೆಗೆ ಮಕ್ಕಳೇ ದಾರಿ ಹುಡುಕಿದರು. ಊರಲ್ಲಿರುವ ಅಜ್ಜಿಯರಿಗೆ ಫೋನ್ ಮಾಡಿದರು. ಹದಿನಾಲ್ಕು ಅಜ್ಜಿಯರಲ್ಲಿ ಹತ್ತೋ ಹನ್ನೊಂದೋ ಮಂದಿ ನಲ್ಲಿ ಬಂದಿದೆ ಎಂದರು. ದಿನಾ ನೀರು ಬರುತ್ತದೆ ಎಂದವರು ಐದು. ಒಬ್ಬ ಅಜ್ಜಿ ಮೊಮ್ಮಗಳನ್ನು ಫೋನ್ ಇಡಲು ಬಿಡಲಿಲ್ಲ, ಇಪ್ಪತ್ತು ನಿಮಿಷ ಮಾತಾಡಿದರು. ಇಲ್ಲಿಯವರೆಗೆ ಯಾರೂ ತನ್ನನ್ನು ಇದನ್ನು ಕೇಳಿರಲಿಲ್ಲ ಎಂದರಂತೆ.

ಆ ಟೇಲರ್ ಅಪ್ಪ ಅರ್ಜಿ ಹಾಕಿದರು. ಹೆಸರು ನೋಂದಣಿ ಆಗಿದೆ, ಸಾಲ ನಾನು ಕೊನೆಯ ಸಲ ವಿಚಾರಿಸಿದಾಗ ಬಂದಿರಲಿಲ್ಲ. ಮಗಳು ಈಗ ಹತ್ತನೇ ತರಗತಿ. ವಹಿಯಲ್ಲಿ ಆ ಸಾಲಿಗೆ ಬಣ್ಣ ಹಾಕುವ ಹಕ್ಕು ಅವಳದೇ ಎಂದು ಬಿಟ್ಟಿದ್ದೇನೆ. ಪ್ರತಿ ಶನಿವಾರ ವಹಿ ತೆಗೆದು ನೋಡುತ್ತಾಳೆ, ಇನ್ನೂ ಹಾಕಿಲ್ಲ.