ವೈರಸ್ ತೆಗೆಯುವುದೋ, ವಿಂಡೋಸನ್ನೇ ಹೊಸತಾಗಿ ಹಾಕುವುದೋ: ನನ್ನ ಅನುಭವ

ಕಾಸರಗೋಡು ಪೇಟೆಯ ಡಿಟಿಪಿ, ಜೆರಾಕ್ಸ್ ಅಂಗಡಿಗಳಿಂದ ರಿಪೇರಿಗೆ ಬರುವ ಕಂಪ್ಯೂಟರುಗಳಿಗೆ ವೈರಸ್ ಹೊಕ್ಕ ದಾರಿ ಹೆಚ್ಚಾಗಿ ಎರಡೇ: ಗಿರಾಕಿಗಳ ಪೆನ್ ಡ್ರೈವ್, ಇಲ್ಲವಾದರೆ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್. "ಒಮ್ಮೆ ಫಾರ್ಮ್ಯಾಟ್ ಮಾಡಿ ಕೊಡಿ ಮಾರಾಯ್ರೆ" ಎಂದೇ ತಂದಿಡುತ್ತಾರೆ. ಫಾರ್ಮ್ಯಾಟ್, ಅಂದರೆ ಡಿಸ್ಕ್ ಅಳಿಸಿ ವಿಂಡೋಸನ್ನು ಹೊಸತಾಗಿ ಹಾಕುವುದು, ಒಂದು ಗಂಟೆಯ ಕೆಲಸ. ಅದರ ಹಿಂದುಮುಂದಿನ ಕೆಲಸಕ್ಕೆ ಅರ್ಧ ದಿನ ಬೇಕು. ಹಾಗಾಗಿ ಮೊದಲು ನೋಡುವುದು ವೈರಸ್ ಯಾವ ಜಾತಿಯದ್ದು ಎಂದು.

ಪೆನ್ ಡ್ರೈವಿನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿದ್ದರೆ ಫಾರ್ಮ್ಯಾಟ್ ಬೇಕಿಲ್ಲ. ಆ ಶಾರ್ಟ್‌ಕಟ್‌ನ ಪ್ರಾಪರ್ಟೀಸ್ ತೆರೆದು ಟಾರ್ಗೆಟ್ ಓದಿದರೆ ಡಬ್ಲ್ಯುಸ್ಕ್ರಿಪ್ಟ್ ಅಥವಾ ಸಿಎಂಡಿ ಎಂಬ ಹೆಸರು, ಅದರ ಹಿಂದೆ ಒಂದು ವಿಬಿಎಸ್ ಇಲ್ಲವೇ ಜೆಎಸ್ ಫೈಲು ಕಾಣುತ್ತದೆ. ಆ ಸ್ಕ್ರಿಪ್ಟ್ ಫೈಲೇ ವೈರಸ್; ಡಬ್ಲ್ಯುಸ್ಕ್ರಿಪ್ಟ್ ಅದನ್ನು ಓಡಿಸುವ ವಿಂಡೋಸಿನದ್ದೇ ಪ್ರೋಗ್ರಾಂ. ಅದರ ನಕಲು ಕಂಪ್ಯೂಟರಿನ ಆ್ಯಪ್‌ಡೇಟಾ ಅಥವಾ ಟೆಂಪ್ ಫೋಲ್ಡರಿನಲ್ಲಿ ಕುಳಿತಿರುತ್ತದೆ. ಇಲ್ಲಿ ಕ್ರಮ ತಪ್ಪಬಾರದು. ಮೊದಲು ಇಂಟರ್‌ನೆಟ್ ಕಿತ್ತು, ಟಾಸ್ಕ್ ಮ್ಯಾನೇಜರಿನಲ್ಲಿ ಡಬ್ಲ್ಯುಸ್ಕ್ರಿಪ್ಟನ್ನು ನಿಲ್ಲಿಸಬೇಕು. ಆಮೇಲೆ ಸ್ಟಾರ್ಟಪ್ ನಮೂದು (ಕಂಪ್ಯೂಟರ್ ಎದ್ದಾಗ ವೈರಸನ್ನು ತಾನಾಗಿ ಓಡಿಸುವಂಥದ್ದು), ಆಮೇಲೆ ಫೈಲು, ಎಲ್ಲಕ್ಕಿಂತ ಕೊನೆಗೆ ಪೆನ್ ಡ್ರೈವ್. ಪೆನ್ ಡ್ರೈವನ್ನೇ ಮೊದಲು ಶುದ್ಧ ಮಾಡಿದರೆ ಕೈ ತೆಗೆಯುವಷ್ಟರಲ್ಲಿ ಮತ್ತೆ ಶಾರ್ಟ್‌ಕಟ್ ಹುಟ್ಟುತ್ತದೆ. "ಹೋಗುವುದೇ ಇಲ್ಲ" ಎಂದು ಜನ ಹೇಳುವುದು ಹೆಚ್ಚಾಗಿ ಇದನ್ನೇ. ಒಳಗಿನ ಫೈಲುಗಳು ಎಲ್ಲಿಗೂ ಹೋಗಿರುವುದಿಲ್ಲ, ಅಡಗಿರುತ್ತವೆ ಅಷ್ಟೆ. ಕಮಾಂಡ್ ಪ್ರಾಂಪ್ಟಿನಲ್ಲಿ ಆಟ್ರಿಬ್ ಎಂದು ಬರೆದು ಮೈನಸ್ ಎಚ್, ಮೈನಸ್ ಆರ್, ಮೈನಸ್ ಎಸ್ ಕೊಟ್ಟು, ಡ್ರೈವಿನ ಅಕ್ಷರದ ಮುಂದೆ ಕೋಲನ್, ಬ್ಯಾಕ್‌ಸ್ಲ್ಯಾಷ್, ಸ್ಟಾರ್ ಡಾಟ್ ಸ್ಟಾರ್ ಹಾಕಿ, ಸ್ಲ್ಯಾಷ್ ಎಸ್, ಸ್ಲ್ಯಾಷ್ ಡಿ ಸೇರಿಸಿದರೆ ಎಲ್ಲವೂ ಹೊರಗೆ ಬರುತ್ತವೆ.

ಸ್ಟಾರ್ಟಪ್ ನಮೂದು ಹುಡುಕಲು ಮೈಕ್ರೋಸಾಫ್ಟಿನದ್ದೇ ಆಟೋರನ್ಸ್ ಸಾಕು. ಮೈಕ್ರೋಸಾಫ್ಟ್ ನಮೂದುಗಳನ್ನು ಮರೆಮಾಡಿದರೆ ಪಟ್ಟಿ ಕಾಲುಭಾಗಕ್ಕೆ ಇಳಿಯುತ್ತದೆ. ಲಾಗಾನ್ ಎಂಬ ಟ್ಯಾಬ್ ಮಾತ್ರ ನೋಡಿ ಮುಚ್ಚಬೇಡಿ. ಶೆಡ್ಯೂಲ್ಡ್ ಟಾಸ್ಕ್ಸ್, ಡಬ್ಲ್ಯುಎಂಐ ಎಂಬ ಟ್ಯಾಬ್‌ಗಳೆರಡನ್ನೂ ನೋಡಬೇಕು. ಪ್ರಕಾಶಕರ ಹೆಸರಿಲ್ಲದ, ಆ್ಯಪ್‌ಡೇಟಾ ಅಥವಾ ಪ್ರೋಗ್ರಾಂಡೇಟಾದಿಂದ ಓಡುವ ನಮೂದಿನ ಮೇಲೆ ಸಂಶಯ ಪಡಿ. ನಾನು ಕೂಡಲೇ ಅಳಿಸುವುದಿಲ್ಲ, ಟಿಕ್ ತೆಗೆದು ರೀಸ್ಟಾರ್ಟ್ ಮಾಡುತ್ತೇನೆ. ನಮೂದು ತಾನಾಗಿ ಮತ್ತೆ ಹುಟ್ಟಿದರೆ ಅದನ್ನು ಕಾಯುವ ಇನ್ನೊಂದು ಪ್ರೋಗ್ರಾಂ ಜೀವಂತ ಇದೆ ಎಂದರ್ಥ. ವಿಂಡೋಸ್ ಡಿಫೆಂಡರಿನ ಎಕ್ಸ್‌ಕ್ಲೂಷನ್ ಪಟ್ಟಿಯನ್ನೂ (ಸ್ಕ್ಯಾನ್ ಮಾಡದೆ ಬಿಡುವ ಜಾಗಗಳ ಪಟ್ಟಿ) ತೆರೆಯಬೇಕು. ಇಡೀ ಸಿ ಡ್ರೈವನ್ನೇ ಅದರಲ್ಲಿ ಸೇರಿಸಿಬಿಡುವ ವೈರಸ್‌ಗಳಿವೆ. ಆಗ ಎಷ್ಟು ಸ್ಕ್ಯಾನ್ ಮಾಡಿದರೂ "ಏನೂ ಇಲ್ಲ" ಎಂದೇ ಬರುತ್ತದೆ. ಪಟ್ಟಿ ಖಾಲಿ ಮಾಡಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಹಾಕಿ. ವಿಂಡೋಸ್ ಎದ್ದೇಳುವ ಮೊದಲೇ ಓಡುವುದರಿಂದ ವೈರಸ್‌ಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಸುಮಾರು 15 ನಿಮಿಷ ಸಾಕು. ಆಟಿ ತಿಂಗಳ ಮಳೆಯಲ್ಲಿ ಕರೆಂಟನ್ನು ನಂಬಿ ಇದಕ್ಕೆ ಕೂರಬೇಡಿ, ಯುಪಿಎಸ್ ಇರಲಿ.

ಇದಕ್ಕೆಲ್ಲ ನಾನು ಕೊಡುವ ಸಮಯ ಎರಡು ಗಂಟೆ. ಎರಡು ರೀಸ್ಟಾರ್ಟ್ ಆದ ಮೇಲೂ ಮರಳಿ ಬಂದರೆ ಫಾರ್ಮ್ಯಾಟ್.

ಆ ಎರಡು ಗಂಟೆಯೂ ದಂಡ ಎನ್ನಿಸುವ ಜಾತಿಗಳಿವೆ. ಸ್ಯಾಲಿಟಿ, ರಾಮ್‌ನಿಟ್‌ನಂಥವು ಪ್ರತ್ಯೇಕ ಫೈಲಾಗಿ ಇರುವುದಿಲ್ಲ, ನಿಮ್ಮ ಇಎಕ್ಸ್‌ಇ ಎಂಬ ಪ್ರೋಗ್ರಾಂ ಫೈಲುಗಳ ಒಳಗೇ ಸೇರಿಕೊಳ್ಳುತ್ತವೆ. ಸ್ಯಾಲಿಟಿ ಟಾಸ್ಕ್ ಮ್ಯಾನೇಜರನ್ನು ಮುಚ್ಚುತ್ತದೆ, ಸೇಫ್ ಮೋಡಿನ ರಿಜಿಸ್ಟ್ರಿಯನ್ನೇ ಅಳಿಸುತ್ತದೆ. ಆಂಟಿವೈರಸ್ ಸಾವಿರ ಫೈಲು ಸರಿಮಾಡಿದರೂ ಡಿ ಡ್ರೈವಿನ ಮೂಲೆಯ ಒಂದು ಸೆಟಪ್ ಉಳಿದರೆ ಸಾಕು, ಮತ್ತೆ ಒಂದರಿಂದ ಶುರು. ಪಾಸ್‌ವರ್ಡ್ ಕದಿಯುವ ಜಾತಿಯಾದರೂ ಫಾರ್ಮ್ಯಾಟೇ ಸರಿ, ಆದರೆ ಕದ್ದದ್ದು ಅದರಿಂದ ಮರಳುವುದಿಲ್ಲ. ಬ್ಯಾಂಕ್, ಮೇಲ್ ಪಾಸ್‌ವರ್ಡ್‌ಗಳನ್ನು ಬೇರೆ ಶುದ್ಧ ಸಾಧನದಿಂದ ಬದಲಿಸಿ, ಎಲ್ಲ ಕಡೆಯಿಂದ ಸೈನ್ ಔಟ್ ಮಾಡಬೇಕು. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದ ಡಿಸ್ಕನ್ನು ಮಾತ್ರ ಅಳಿಸದೆ ತೆಗೆದಿಡಿ. ನೋ ಮೋರ್ ರ‍್ಯಾನ್ಸಮ್ ಎಂಬ ತಾಣದಲ್ಲಿ ಕೆಲವು ಜಾತಿಗಳ ಬೀಗ ತೆರೆಯುವ ಸಾಧನಗಳು ಪುಕ್ಕಟೆ ಸಿಗುತ್ತವೆ.

ಡೇಟಾ ತೆಗೆಯಲು ಸೋಂಕಿನ ವಿಂಡೋಸನ್ನೇ ಬಳಸಬಾರದು. ನಮ್ಮ ಕೇರಳದ ಶಾಲೆಗಳಲ್ಲಿ ನಡೆಯುವ ಕೈಟ್ ಲಿನಕ್ಸ್ ಅಥವಾ ಸಾದಾ ಉಬುಂಟುವನ್ನು ಪೆನ್ ಡ್ರೈವಿನಿಂದ ಎಬ್ಬಿಸಿ, ಇನ್‌ಸ್ಟಾಲ್ ಮಾಡದೆ ಬರೀ ನಕಲು ತೆಗೆಯುವುದು ನನ್ನ ಪದ್ಧತಿ. ವಿಂಡೋಸ್ ವೈರಸ್ ಅಲ್ಲಿ ಓಡುವುದಿಲ್ಲ. ಸಿ ಡ್ರೈವ್ ತೆರೆಯದೆ ಹಟ ಹಿಡಿದರೆ ಕಾರಣ ಹೆಚ್ಚಾಗಿ ಫಾಸ್ಟ್ ಸ್ಟಾರ್ಟಪ್, ಅಂದರೆ ವಿಂಡೋಸ್ ಪೂರ್ತಿ ಆಫ್ ಆಗದೆ ಅರ್ಧ ನಿದ್ದೆಯಲ್ಲಿರುವುದು. ವಿಂಡೋಸಿಗೆ ಹಿಂತಿರುಗಿ ಶಿಫ್ಟ್ ಒತ್ತಿಕೊಂಡು ಶಟ್‌ಡೌನ್ ಕೊಟ್ಟರೆ ಸರಿಯಾಗುತ್ತದೆ. ಬಿಟ್‌ಲಾಕರ್ (ಡಿಸ್ಕಿಗೆ ಹಾಕುವ ಬೀಗ) ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಇದಕ್ಕೆಲ್ಲ ಮೊದಲೇ ಬರೆದಿಟ್ಟುಕೊಳ್ಳಬೇಕು. ದಾಖಲೆ, ಫೋಟೋ, ಟ್ಯಾಲಿ ಡೇಟಾ ಸಾಗಿಸಿ. ಇಎಕ್ಸ್‌ಇ, ಎಸ್‌ಸಿಆರ್, ವಿಬಿಎಸ್, ಶಾರ್ಟ್‌ಕಟ್ ಒಂದೂ ಬೇಡ; ರಾಮ್‌ನಿಟ್ ಆಗಿದ್ದರೆ ಎಚ್‌ಟಿಎಂಎಲ್ ಕೂಡ ಬೇಡ. ಡಿಸ್ಕ್ ಅಳಿಸುವ ಮುಂಚೆಯೇ ಟ್ಯಾಲಿ ಲೈಸೆನ್ಸನ್ನು ಸರೆಂಡರ್ ಮಾಡಿಡಿ.

ಎಲ್ಲರೂ ಮರೆಯುವುದು ಫಾಂಟು. ಇಲ್ಲಿನ ಡಿಟಿಪಿಯಲ್ಲಿ ಒಂದೇ ಆಮಂತ್ರಣ ಪತ್ರಕ್ಕೆ ಒಂದು ಬದಿ ಕನ್ನಡದ ನುಡಿ ಫಾಂಟು, ಇನ್ನೊಂದು ಬದಿ ಮಲಯಾಳದ ಎಂಎಲ್-ಟಿಟಿ ಕಾರ್ತಿಕ. ಇವು ಯೂನಿಕೋಡ್ ಅಲ್ಲವಾದ್ದರಿಂದ ಫಾಂಟು ಹೋದರೆ ಹತ್ತು ವರ್ಷದ ಕೆಲಸವೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ವಿಂಡೋಸ್ ಫೋಲ್ಡರಿನ ಫಾಂಟ್ಸ್ ಮಾತ್ರವಲ್ಲ, ಬಳಕೆದಾರರ ಆ್ಯಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್ ದಾರಿಯಲ್ಲಿ ಇನ್ನೊಂದು ಫಾಂಟ್ಸ್ ಫೋಲ್ಡರ್ ಇದೆ. ವಿಂಡೋಸ್ 10ರ 2018ರ ಕೊನೆಯ ಆವೃತ್ತಿಯಿಂದೀಚೆಗೆ ಒಬ್ಬರಿಗೆ ಮಾತ್ರ ಹಾಕಿದ ಫಾಂಟುಗಳು ಅಲ್ಲಿರುತ್ತವೆ. ಎರಡನ್ನೂ ತೆಗೆದುಕೊಳ್ಳಿ.

ವಿಂಡೋಸ್ ಹಾಕುವ ಪೆನ್ ಡ್ರೈವ್ 8 ಜಿಬಿಯದ್ದು, ಸೋಂಕಿಲ್ಲದ ಕಂಪ್ಯೂಟರಿನಲ್ಲಿ ಮೀಡಿಯಾ ಕ್ರಿಯೇಷನ್ ಟೂಲಿನಿಂದ ಮಾಡಿದ್ದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಟಿಪಿಎಂ 2.0 (ಭದ್ರತೆಯ ಚಿಪ್) ಇರುವ, ಪ್ರೊಸೆಸರ್ ಹೊಂದುವ ಯಂತ್ರಕ್ಕೆ 11 ಹಾಕುತ್ತೇನೆ. ಇಲ್ಲದ ಹಳೆಯದ್ದರಲ್ಲಿ ಬರೀ ಪ್ರಿಂಟ್ ಕೊಡುವುದಾದರೆ ಲಿನಕ್ಸೇ ಸಾಕು ಎಂಬುದು ನನ್ನ ಅಭಿಪ್ರಾಯ. ಎರಡನೇ ಹಾರ್ಡ್ ಡಿಸ್ಕ್ ಇದ್ದರೆ ಅದರ ಕೇಬಲ್ ತೆಗೆದಿಟ್ಟು, ಮೊದಲನೆಯದರ ಎಲ್ಲ ಪಾರ್ಟಿಷನ್ ಅಳಿಸಿ ಅನ್‌ಅಲೊಕೇಟೆಡ್ ಮಾಡಿ. ಸಿ ಮಾತ್ರ ಅಳಿಸಿ ಡಿ ಬಿಟ್ಟರೆ ಫೈಲಿಗೆ ಅಂಟುವ ವೈರಸ್ ಅಲ್ಲೇ ಕಾದಿರುತ್ತದೆ. ಇಂಟೆಲ್ 11ನೇ ತಲೆಮಾರಿನಿಂದೀಚಿನ ಲ್ಯಾಪ್‌ಟಾಪುಗಳಲ್ಲಿ ಎಸ್‌ಎಸ್‌ಡಿ ಕಾಣಿಸದಿದ್ದರೆ ಅದು ಕೆಟ್ಟಿಲ್ಲ. ಹೆಚ್ಚಾಗಿ ಇಂಟೆಲಿನ ಆರ್‌ಎಸ್‌ಟಿ ಎಂಬ ಡಿಸ್ಕ್ ಡ್ರೈವರನ್ನು ಲೋಡ್ ಮಾಡಿದರೆ ಸಾಕು. ಡಿಜಿಟಲ್ ಲೈಸೆನ್ಸ್ ಇದ್ದಲ್ಲಿ ಕೀ ಕೇಳಿದಾಗ ಇಲ್ಲ ಎನ್ನಿ, ಆದರೆ ಹೋಮ್ ಇದ್ದ ಕಡೆ ಪ್ರೊ ಹಾಕಬೇಡಿ, ಆಕ್ಟಿವೇಟ್ ಆಗದು.

ಫಾರ್ಮ್ಯಾಟ್ ಮಾಡಿದರೂ ಮರಳಿ ಬಂತು ಎನ್ನುವವರು ಮೊದಲು ಕ್ರೋಮ್ ನೋಡಿ. ಗೂಗಲ್ ಖಾತೆಗೆ ಲಾಗಿನ್ ಆದ ಕೂಡಲೇ ಸಿಂಕ್ ಹಳೆಯ ಕೆಟ್ಟ ಎಕ್ಸ್‌ಟೆನ್ಷನನ್ನೂ ತಂದು ಹಾಕುತ್ತದೆ. ಸಿಂಕಿನಲ್ಲಿ ಎಕ್ಸ್‌ಟೆನ್ಷನ್, ಸೆಟ್ಟಿಂಗ್ಸ್ ಎರಡನ್ನೂ ಆಫ್ ಮಾಡಿ. ಆಕ್ಟಿವೇಟರ್ ಓಡಿಸಲು ಡಿಫೆಂಡರ್ ಆಫ್ ಮಾಡಿ ಎನ್ನುವ ಕ್ರ್ಯಾಕ್ ಮತ್ತೆ ಹಾಕುವುದಾದರೆ ಇಷ್ಟೆಲ್ಲ ಮಾಡಿದ್ದು ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂತೆ.

ದಿನಕ್ಕೆ ಇಪ್ಪತ್ತು ಪೆನ್ ಡ್ರೈವ್ ಚುಚ್ಚುವ ಅಂಗಡಿಗಳಲ್ಲಿ ಸ್ಕ್ರಿಪ್ಟ್ ಫೈಲುಗಳನ್ನು ಓಡಿಸುವ ವಿಂಡೋಸ್ ಸ್ಕ್ರಿಪ್ಟ್ ಹೋಸ್ಟನ್ನೇ ನಿಲ್ಲಿಸಿಬಿಡುತ್ತೇನೆ. ರಿಜಿಸ್ಟ್ರಿಯಲ್ಲಿ ಎಚ್‌ಕೆಎಲ್‌ಎಂ, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್, ಸೆಟ್ಟಿಂಗ್ಸ್ ಒಳಗೆ ಎನೇಬಲ್ಡ್ ಎಂಬ ಡಿವರ್ಡ್ ಮಾಡಿ 0 ಕೊಟ್ಟರೆ ವಿಬಿಎಸ್, ಜೆಎಸ್ ವೈರಸ್ ಕ್ಲಿಕ್ ಮಾಡಿದರೂ ಓಡವು. ಲೈಸೆನ್ಸ್ ನೋಡುವ ಎಸ್‌ಎಲ್‌ಎಂಜಿಆರ್ ಕೂಡ ವಿಬಿಎಸ್ಸೇ ಆದ್ದರಿಂದ ಅದೂ ನಿಲ್ಲುತ್ತದೆ. ಬೇಕಾದಾಗ 1 ಮಾಡಿ ನೋಡಿಕೊಂಡು ಮತ್ತೆ 0 ಮಾಡುವುದು.